ಖಳನ ಹೆಸರು ಹೊತ್ತ ಆಲ್ಬಂ

ಅಮೆರಿಕದ ವೀಜರ್ ಎಂಬ ರಾಕ್ ಬ್ಯಾಂಡಿನ ಎರಡನೆಯ ಆಲ್ಬಂ ‘ಪಿಂಕರ್ಟನ್’ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಒಂದೇ ಕತೆಯನ್ನು ಹೇಳುತ್ತಾರೆ: 1996ರ ಸೆಪ್ಟೆಂಬರಿನಲ್ಲಿ ಬಂದಾಗ ಬೈಸಿಕೊಂಡಿತು, ಕಾಲಾನಂತರ ಮೇರುಕೃತಿ ಎನಿಸಿಕೊಂಡಿತು. ಕತೆಯೇನೂ ಸುಳ್ಳಲ್ಲ. ‘ರೋಲಿಂಗ್ ಸ್ಟೋನ್’ ಸಂಗೀತ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದ್ದರು; 2004ರಲ್ಲಿ ಅದೇ ಪತ್ರಿಕೆ ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಆದರೆ ಬೈದವರೂ ಹೊಗಳಿದವರೂ ಅದನ್ನು ಗಾಯಕ ರಿವರ್ಸ್ ಕ್ವೋಮೋನ ಬಿಚ್ಚಿಟ್ಟ ಡೈರಿ ಎಂದೇ ಓದಿದರು. ಮೊದಲಿನವರಿಗೆ ಅದರಲ್ಲಿ ಎಳಸುತನ ಕಂಡಿತು, ನಂತರದವರಿಗೆ ಪ್ರಾಮಾಣಿಕತೆ ಕಂಡಿತು. ಹೆಸರಿನ ಕಡೆಗೆ ಎರಡೂ ಪಂಗಡದವರು ಸಾಕಷ್ಟು ಗಮನ ಕೊಡಲಿಲ್ಲ ಎಂಬುದು ನನ್ನ ತಕರಾರು.

ಪಿಂಕರ್ಟನ್ ಎಂಬವನು ಇಟಲಿಯ ಸಂಗೀತ ಸಂಯೋಜಕ ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ ಎಂಬ ಆಪೆರಾದ, ಅಂದರೆ ಗೀತನಾಟಕದ, ಅಮೆರಿಕನ್ ನೌಕಾಧಿಕಾರಿ. ನಾಗಸಾಕಿಯಲ್ಲಿ ಜಪಾನಿ ಹುಡುಗಿಯೊಬ್ಬಳನ್ನು ಮದುವೆಯಾಗಿ, ಮರಳಿ ಬರುವೆನೆಂದು ನಂಬಿಸಿ, ಅವಳನ್ನು ಬಿಟ್ಟುಹೋಗುವ ಖಳ. (ಇದೇ ಹೆಸರಿನ ಭದ್ರತಾ ಕಂಪನಿಯೊಂದು ಬ್ಯಾಂಡಿನ ಮೇಲೆ ಕೋರ್ಟಿಗೂ ಹೋಗಿತ್ತು!) ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಈ ಹಾಡುಗಳಲ್ಲಿ ಹಲವನ್ನು ಬರೆದ ಕ್ವೋಮೋ, ತನ್ನ ಒಂಟಿತನ, ಹೆಣ್ಣಿನ ಹಂಬಲ, ಸ್ವಾರ್ಥಗಳನ್ನೆಲ್ಲ ಹಾಡಿ, ಅವುಗಳ ಮೇಲೆ ಆ ಖಳನ ಹೆಸರನ್ನೇ ಬರೆದ. ಕೊನೆಯ ಹಾಡು ‘ಬಟರ್‌ಫ್ಲೈ’ನಲ್ಲಿ ಅಕೂಸ್ಟಿಕ್ ಗಿಟಾರಿನೊಂದಿಗೆ ಅವನೊಬ್ಬನದೇ ದನಿಯಿದೆ: ಅಮ್ಮನ ಗಾಜಿನ ಭರಣಿಯಲ್ಲಿ ಹಿಡಿದಿಟ್ಟ ಚಿಟ್ಟೆ ಬೆಳಗಾಗುವಷ್ಟರಲ್ಲಿ ಬಾಡಿಹೋಗಿದೆ, ರಾಬಿನ್ ಹಕ್ಕಿ ಗೂಡು ಕಟ್ಟುವಾಗ ಬರುತ್ತೇನೆಂಬ ಆಪೆರಾದ ಮಾತನ್ನೇ ಎತ್ತಿಕೊಂಡು, ತಾನು ಬರುವುದಿಲ್ಲವೆಂದು ಅವನು ಹೇಳಿಬಿಡುತ್ತಾನೆ. ಕೇಳುಗರು ತೀರ್ಪು ಕೊಡುವ ಮೊದಲೇ ತನ್ನನ್ನು ತಾನು ಕಟಕಟೆಯಲ್ಲಿ ನಿಲ್ಲಿಸಿಕೊಂಡವನನ್ನು ಎಳಸು ಎಂದು ತಳ್ಳಿಹಾಕುವುದು ಸುಲಭದ ಕೆಲಸ.

ಹಾಗೆಂದು ಎಲ್ಲಕ್ಕೂ ಮಾಫಿಯಿಲ್ಲ. ಜಪಾನಿನಿಂದ ಪತ್ರ ಬರೆದ ಹದಿನೆಂಟರ ಅಭಿಮಾನಿಯ ಕುರಿತ ‘ಅಕ್ರಾಸ್ ದ ಸೀ’ ಹಾಡಿನಲ್ಲಿ ಆ ಹುಡುಗಿಯ ಕಾಗದವನ್ನು ಮೂಸಿ ನೋಡುವವನ ಆಸೆ ಇಂದಿಗೂ ಇರುಸುಮುರುಸು ತರುತ್ತದೆ. ಪಿಯಾನೊ, ಕೊಳಲಿನಿಂದ ತೆರೆದುಕೊಳ್ಳುವ ಆ ಹಾಡು ಆಲ್ಬಮ್ಮಿನ ಅತಿ ಚೆಂದದ ಹಾಡೂ ಆಗಿರುವುದರಿಂದ ಕೇಳುಗರ ಪಾಡು ಇನ್ನಷ್ಟು ಕಷ್ಟ.

ಮೊದಲ ಆಲ್ಬಮ್ಮಿಗೆ ರಿಕ್ ಒಕಾಸೆಕ್ ನಿರ್ಮಾಪಕರಾಗಿದ್ದರು. ಅದರ ನಯ, ತಮಾಷೆಗಳನ್ನು ಮೆಚ್ಚಿ ಬಂದವರಿಗೆ ಎರಡನೆಯದರಲ್ಲಿ ಸಿಕ್ಕಿದ್ದು ಬ್ಯಾಂಡ್ ತಾನೇ ನಿರ್ಮಿಸಿದ ಒರಟು ಸದ್ದು: ಕರ್ಕಶ ಸಿಂತಸೈಜರ್, ಬಡಿಯುವ ಡ್ರಮ್, ಗಿಟಾರಿನ ನಡುವೆ ಕಿರುಚಾಟ. ನನ್ನ ಕಿವಿಗೆ ಅದೇ ಇದರ ಬಲ. ಆದರೆ ಆಲ್ಬಂ ಮಾರಾಟವನ್ನು ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಹತ್ತೊಂಬತ್ತನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ.

2010ರ ಹೊಸ ಆವೃತ್ತಿಗೆ ವಿಮರ್ಶಕರು ಹೂಮಳೆಗರೆದರು, ಬ್ಯಾಂಡ್ ಅದನ್ನು ವೇದಿಕೆಯ ಮೇಲೆ ಪೂರ್ತಿಯಾಗಿ ನುಡಿಸಿತು. ಆದರೆ ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ಐದು ವರ್ಷಗಳ ಅಂತರದ ನಂತರ, 2001ರಲ್ಲಿ, ಒಕಾಸೆಕ್ ಅವರನ್ನೇ ಮತ್ತೆ ಕರೆದು ಮಾಡಿದ ಮೂರನೆಯ ಆಲ್ಬಂ ಅಚ್ಚುಕಟ್ಟಾಗಿದೆ, ಚಿಕ್ಕದಾಗಿದೆ, ಗುನುಗಿಕೊಳ್ಳುವಂತೆಯೂ ಇದೆ. ಹಾಡುತ್ತಿರುವವನು ಎಂಥವನು ಎಂಬ ಸುಳಿವು ಮಾತ್ರ ಅದರಲ್ಲಿ ಎಲ್ಲಿಯೂ ಸಿಗುವುದಿಲ್ಲ.