ಸವಳು ನೀರಿನ ಊರಲ್ಲಿ ಮೇಕಪ್ ಬ್ರಷ್ಷು

ಮೇಕಪ್ ಬ್ರಷ್‌ಗಳನ್ನು ಮನೆಯಲ್ಲೇ ತೊಳೆಯುವ ಕ್ರಮವನ್ನು ಬರೆದಿಟ್ಟವರು ಯಾರೇ ಇರಲಿ, ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ನಲ್ಲಿ ತಿರುಗಿಸಿದವರಂತೂ ಅಲ್ಲ. ‘ಉಗುರುಬೆಚ್ಚಗಿನ ನೀರು ಬಳಸಿ’ ಎಂದು ಅವರು ಸಲೀಸಾಗಿ ಹೇಳಿಬಿಡುತ್ತಾರೆ. 40 ಡಿಗ್ರಿ ದಾಟಿದ ಬಿಸಿಲಿಗೆ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕಾದು ಕುಳಿತ ನೀರು ನಲ್ಲಿಯಿಂದ ಇಳಿಯುವಾಗ ಅದಕ್ಕೆ ಎದುರಾಗುವ ಧೈರ್ಯ ಯಾವ ಉಗುರಿಗೂ ಇರುವುದಿಲ್ಲ. ಬಿಸಿ ನೀರು ತಾಗಿದರೆ ಬ್ರಷ್ಷಿನ ಲೋಹದ ಕೊರಳಪಟ್ಟಿಯೊಳಗೆ ಕೂದಲನ್ನು ಹಿಡಿದಿಟ್ಟಿರುವ ಅಂಟು ಸಡಿಲಗೊಂಡು, ಆಮೇಲೆ ಗಲ್ಲಕ್ಕೆ ರಂಗಿನ ಜೊತೆಗೆ ಒಂದೆರಡು ಕೂದಲೂ ಅಂಟಿಕೊಳ್ಳತೊಡಗುತ್ತವೆ. ಹೀಗಾಗಿ ನಮ್ಮಲ್ಲಿ ಬೇಸಿಗೆಯ ಬ್ರಷ್ ಸ್ನಾನ ಸೂರ್ಯೋದಯಕ್ಕೆ ಮುನ್ನವೇ ನಡೆಯಬೇಕಾದ ಕಾರ್ಯ.

ತೊಳೆಯದೆ ಬಿಡುವುದು ಸುಲಭವಾಗಿತ್ತು, ಆದರೆ ಬ್ರಷ್ಷಿನಲ್ಲಿ ಉಳಿಯುವುದು ಪೌಡರ್ ಒಂದೇ ಅಲ್ಲ. ಮುಖದ ಎಣ್ಣೆ, ಸತ್ತ ಚರ್ಮದ ಕಣಗಳು ಮತ್ತು ಅವುಗಳನ್ನು ನೆಚ್ಚಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಕೂಡ ಅಲ್ಲಿ ಬಿಡಾರ ಹೂಡುತ್ತವೆ. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ 7ರಿಂದ 10 ದಿನಕ್ಕೊಮ್ಮೆ ಬ್ರಷ್‌ಗಳನ್ನು ತೊಳೆಯಬೇಕೆಂದು ಸಲಹೆ ನೀಡುತ್ತದೆ. ಈ ಮಾತನ್ನು ನಾನು ಮನೆಯಲ್ಲಿ ಪ್ರಸ್ತಾಪಿಸಿದಾಗ ನಮ್ಮ ಅತ್ತೆಯವರು, “ಮಾರಿ ತೊಳ್ಕೊಂಡ್ರ ಸಾಕಾಗಂಗಿಲ್ಲೇನು, ಬ್ರಷ್ಷಿನ ಮಾರೀನೂ ತೊಳೀಬೇಕೇನು?” ಎಂದು ಕೇಳಿದರು. ಅಮೆರಿಕದ ತಜ್ಞರ ಬಳಿ ಇದಕ್ಕೆ ಉತ್ತರವಿರಲಾರದು.

ನೀರಿನ ಬಿಸಿಯನ್ನು ಹೇಗೋ ನಿಭಾಯಿಸಬಹುದು, ಅದರ ಗಡಸುತನವನ್ನು ನಿಭಾಯಿಸುವುದು ಕಷ್ಟ. ನಮ್ಮ ಬಡಾವಣೆಯ ಬೋರ್‌ವೆಲ್ ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಪದರವೊಂದು ನಿಲ್ಲುತ್ತದೆ. ಮನೆಯೊಳಗೆ ನಾವು ತುಳಿದಾಡುವ ಶಹಾಬಾದ್ ಕಲ್ಲಿನಲ್ಲಿರುವುದೂ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಇಂತಹ ನೀರಿಗೆ ಸಾಬೂನು ಬಿದ್ದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಂದಿಗೆ ಕೂಡಿ, ಎಷ್ಟು ನೀರು ಸುರಿದರೂ ಕರಗದ ಜಿಗುಟಾದ ಗಷ್ಟಾಗುತ್ತದೆ. ಶಾಂಪೂವಿನಲ್ಲಿರುವ ಮಾರ್ಜಕಗಳು ಹೀಗೆ ಗಷ್ಟು ಕಟ್ಟುವುದಿಲ್ಲವಾದ್ದರಿಂದ ನಾನು ಮಕ್ಕಳ ಶಾಂಪೂವನ್ನು ಬಳಸುತ್ತೇನೆ. ಈ ರಸಾಯನಶಾಸ್ತ್ರವನ್ನು ಅರಿಯದ ನಮ್ಮ ಮನೆಯವರು, ನೆಂಟರ ಮದುವೆಯ ಹಿಂದಿನ ದಿನ ನನಗೆ ನೆರವಾಗುವ ಸದುದ್ದೇಶದಿಂದ, ಬಚ್ಚಲಿನಲ್ಲಿದ್ದ ಮೈಸಾಬೂನಿನಿಂದಲೇ ನನ್ನ ಬ್ರಷ್‌ಗಳನ್ನೆಲ್ಲ ತಿಕ್ಕಿ ಒಣಗಿಸಿಟ್ಟಿದ್ದರು. ಮರುದಿನ ಕರೆಂಟಿಲ್ಲದ ಕೋಣೆಯಲ್ಲಿ ಗಡಿಬಿಡಿಯಿಂದ ಸಿಂಗರಿಸಿಕೊಂಡು ಮಂಟಪಕ್ಕೆ ಹೋದಾಗ, ಕೂದಲಿಗೆ ಕಚ್ಚಿಕೊಂಡಿದ್ದ ಗಷ್ಟು ಉದುರಿ ನನ್ನ ಹಣೆ, ಗಲ್ಲಗಳ ಮೇಲೆ ಬೆಳ್ಳನೆಯ ಗೆರೆಗಳು ಮೂಡಿದ್ದವು. ಬೇರೆ ಊರಾಗಿದ್ದರೆ ನಗೆಪಾಟಲಾಗುತ್ತಿತ್ತೇನೋ. ಇದು ಶರಣಬಸವೇಶ್ವರರ ಊರು. ಹಿರಿಯರೊಬ್ಬರು ಅದನ್ನು ವಿಭೂತಿಯೆಂದೇ ಭಾವಿಸಿ, ಮುಂಜಾನೆಯೇ ಗುಡಿಗೆ ಹೋಗಿ ಬಂದಿರುವೆನೆಂದು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಅಲ್ಲಗಳೆಯಲಿಲ್ಲ. ಮನೆಗೆ ಮರಳಿದ ಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಬ್ರಷ್‌ಗಳನ್ನು ಜಾಲಾಡಿದಾಗಲೇ ಗಷ್ಟು ಬಿಟ್ಟದ್ದು.

ಇನ್ನು ಒಣಗಿಸುವ ವಿಷಯ. ತೊಳೆದ ಬ್ರಷ್ಷನ್ನು ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ನೀರು ಕೊರಳಪಟ್ಟಿಯೊಳಗೆ ಇಳಿದು ಅಂಟನ್ನು ಕೆಡಿಸುತ್ತದೆ, ಮರದ ಹಿಡಿಕೆ ಉಬ್ಬಿ ಸೀಳುತ್ತದೆ. ನೀರು ಹಿಂಡಿ, ಬೆರಳಿನಿಂದ ಕೂದಲನ್ನು ಮೊದಲಿನ ಆಕಾರಕ್ಕೆ ತಿದ್ದಿ, ನೆರಳಿನಲ್ಲಿ ಅಡ್ಡ ಮಲಗಿಸಬೇಕು ಅಥವಾ ತಲೆಕೆಳಗಾಗಿ ತೂಗುಹಾಕಬೇಕು. ನನ್ನ ಈ ಮಾತಿಗೆ ಮನೆಯಲ್ಲಿ ತಲೆದೂಗಿದವರು ನಮ್ಮ ಮಾವನವರೊಬ್ಬರೇ. ಅವರ ದಾಡಿಯ ಬ್ರಷ್ಷು ಸರ್ವಿಸಿಗೆ ಸೇರಿದಾಗಿನಿಂದ ಬಚ್ಚಲಿನ ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿಯೇ ತೂಗುತ್ತಿದೆ. ಅವರ ಒಪ್ಪಿಗೆಯ ಬಲದಿಂದ ನನ್ನ ಬ್ರಷ್‌ಗಳಿಗೆ ಮನೆಯಲ್ಲೇ ಅತ್ಯಂತ ತಂಪಾದ, ಗಾಳಿಯಾಡುವ ಜಾಗ ದೊರೆಯಿತು. ದುರದೃಷ್ಟವಶಾತ್ ಅದು ಅಡುಗೆಮನೆಯ ಕಿಟಕಿಯ ಕಟ್ಟೆಯಾಗಿತ್ತು.

ಸೇಡಂನಿಂದ ಬಂದಿದ್ದ ಅತ್ತೆಯವರ ತಂಗಿ ಅಂದು ರೊಟ್ಟಿ ಬಡಿಯಲು ಕುಳಿತಿದ್ದರು. ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಅದರ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಬಟ್ಟೆ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಕಿಟಕಿಯ ಕಟ್ಟೆಯ ಮೇಲೆ ನೆರಳಲ್ಲಿ ಮಲಗಿದ್ದ ನನ್ನ ದೊಡ್ಡ ಪೌಡರ್ ಬ್ರಷ್ಷು. “ಎಷ್ಟು ಮೆತ್ತಗದ, ರೊಟ್ಟಿಗಂತಽ ಮಾಡಿದಂಗದ” ಎಂದು ಮೆಚ್ಚಿ ಅವರು ನಾಲ್ಕಾರು ರೊಟ್ಟಿಗಳನ್ನು ಅಂದವಾಗಿ ಬೇಯಿಸಿದ್ದಾರೆ. ಆಮೇಲೆ ಬ್ರಷ್ಷಿನ ಅಂಚು ಕಾದ ಹಂಚಿಗೆ ತಾಗಿದೆ. ನೈಲಾನ್ ಬ್ರಷ್ ಆಗಿದ್ದರೆ ಸದ್ದಿಲ್ಲದೆ ಕರಗಿ ಮುದ್ದೆಯಾಗುತ್ತಿತ್ತು. ಇದಾದರೋ ಅಪ್ಪಟ ಕೂದಲಾದ್ದರಿಂದ ಅದು ಸುಟ್ಟ ವಾಸನೆ ಪಡಸಾಲೆಯವರೆಗೆ ಹಬ್ಬಿತು.

“ಏನರ ವಾಸನಿ ಬರ್ಲಿಕತ್ತದ?” ಎಂದು ಅತ್ತೆಯವರು ಒಳಬಂದರು. ಪೌಡರ್ ಬ್ರಷ್‌ಗಳನ್ನು ಹೆಚ್ಚಾಗಿ ಆಡಿನ ಕೂದಲಿನಿಂದ ಮಾಡುತ್ತಾರೆ, ಪುಡಿಯನ್ನು ಹಿಡಿದು ಹಗುರವಾಗಿ ಹರಡಲು ಅದೇ ಒಳ್ಳೆಯದು, ದ್ರವರೂಪದ ಫೌಂಡೇಶನ್ನಿಗೆ ಸಿಂಥೆಟಿಕ್ ಸಾಕು ಎಂದು ನಾನು ವಿವರಿಸತೊಡಗಿದೆ. ‘ಆಡು’ ಎಂಬಲ್ಲಿಗೇ ಅವರು ಕೇಳುವುದನ್ನು ನಿಲ್ಲಿಸಿದ್ದರು. ಬೆಳ್ಳುಳ್ಳಿಗೂ ಸೋಮವಾರ ಪ್ರವೇಶವಿಲ್ಲದ ಅಡುಗೆಮನೆಯದು. ಬೆಂದ ರೊಟ್ಟಿಗಳು ದನದ ಪಾಲಾದವು, ಹಂಚು ಹುಣಸೆಹಣ್ಣು ಕಂಡಿತು, ನನ್ನ ಬ್ರಷ್‌ಗಳಿಗೆ ಗಡೀಪಾರಿನ ಆಜ್ಞೆಯಾಯಿತು.

ಅಷ್ಟಕ್ಕೇ ಮುಗಿಯಬಹುದಿತ್ತು, ಆದರೆ ಅತ್ತೆಯವರ ವಿಚಾರಣೆ ಬಚ್ಚಲಿನತ್ತ ತಿರುಗಿತು. ಹಾಗಾದರೆ ಸ್ಟ್ಯಾಂಡಿನಲ್ಲಿ ತೂಗುತ್ತಿರುವುದು ಯಾವ ಪ್ರಾಣಿಯದು? ದಾಡಿಯ ಬ್ರಷ್‌ಗಳನ್ನು ಬ್ಯಾಡ್ಜರ್ ಎಂಬ ಪ್ರಾಣಿಯ, ಕುದುರೆಯ ಅಥವಾ ಹಂದಿಯ ಕೂದಲಿನಿಂದ ಮಾಡುವುದುಂಟೆಂದೂ, ಅಗ್ಗದವು ಸಾಮಾನ್ಯವಾಗಿ ಕೊನೆಯದರವೆಂದೂ ನನಗೆ ತಿಳಿದಿತ್ತು. ನಾನು ಮೊದಲಿನ ಅರ್ಧವನ್ನಷ್ಟೇ ಹೇಳಿದೆ. ಪತ್ರಿಕೆಯಿಂದ ತಲೆಯೆತ್ತದ ಮಾವನವರು, “ನಂದು ಕುದುರೀದು” ಎಂದು ತೀರ್ಪಿತ್ತರು. ನಾನೀಗ ಪೌಡರಿಗೂ ಬೇಗ ಒಣಗುವ ಸಿಂಥೆಟಿಕ್ ಬ್ರಷ್ಷನ್ನೇ ಇಟ್ಟುಕೊಂಡಿದ್ದೇನೆ. ಮಾವನವರದು ಮನೆಯ ದಾಖಲೆಯಲ್ಲಿ ಕುದುರೆಯದೆಂದೇ ಮುಂದುವರಿದಿದೆ. ಅದನ್ನು ಖರೀದಿಸಿದಾಗ ಕೊಟ್ಟ ಡಬ್ಬಿಯನ್ನು ಅವರು ಯಾರಿಗೂ ತೋರಿಸುವುದಿಲ್ಲ.