ಬಂದ್ ಮಾಡುವ ಊರು, ಫಾರ್ಮ್ ತುಂಬುವ ಊರು

ಪುಣೆಯ ಜನಕ್ಕೆ ಅರ್ಜಿ ಬರೆಯುವ ಚಟ. ಮಳೆಗಾಲ ಮುಗಿಯುತ್ತಾ ಬಂತು ಅಂದರೆ ನಮ್ಮ ಸೊಸೈಟಿಯ ನಿವೃತ್ತ ಕಾಕಾಗಳು ಒಂದು ಫಾರ್ಮ್ ಹಿಡಿದು ಮನೆಮನೆ ಸುತ್ತುತ್ತಾರೆ. ಮುಂದಿನ ವರ್ಷದ ಪಾಲಿಕೆ ಬಜೆಟ್‌ನಲ್ಲಿ ನಮ್ಮ ಭಾಗಕ್ಕೆ ಏನು ಬೇಕು ಅಂತ ಬರೆದುಕೊಡುವ ಫಾರ್ಮ್ ಅದು. 2006ರಲ್ಲಿ ಶುರುವಾದ ಪದ್ಧತಿ. ಫುಟ್‌ಪಾತ್, ಬೀದಿದೀಪ, ಬಸ್‌ಸ್ಟಾಪ್, ಶೌಚಾಲಯ ಇಂಥವನ್ನೇ ಕೇಳಬೇಕು. ಧಾರವಾಡದವನಾದ ನನಗೆ ಇದೆಲ್ಲ ಮೊದಮೊದಲು ಸಪ್ಪೆ ಅನಿಸುತ್ತಿತ್ತು. ಕೂರಲು ಬೆಂಚು ಕೇಳುವುದೂ ಒಂದು ಹೋರಾಟವೇ?

ನಮ್ಮ ಕಡೆಯ ರೀತಿಯೇ ಬೇರೆ. 1980ರಲ್ಲಿ ನರಗುಂದ, ನವಲಗುಂದದ ರೈತರು ನೀರಾವರಿ ಕರದ ವಿರುದ್ಧ ಎದ್ದಾಗ ಇಡೀ ರಾಜ್ಯದ ರಾಜಕೀಯ ಅಲುಗಾಡಿತು. ಹೈಕೋರ್ಟ್ ಪೀಠಕ್ಕಾಗಿ ವಕೀಲರು ವರ್ಷಗಟ್ಟಲೆ ಹೋರಾಡಿ 2008ರಲ್ಲಿ ಅದನ್ನು ಧಾರವಾಡಕ್ಕೆ ತಂದರು. 2015ರಲ್ಲಿ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದದಲ್ಲಿ ರೈತರು ಧರಣಿ ಕುಳಿತರು. ಇದನ್ನೆಲ್ಲ ಪುಣೆಯವರು ಬರೀ ಭಾವಾವೇಶ ಅಂತ ಮೂಗು ಮುರಿದರೆ ನಾನು ಒಪ್ಪುವುದಿಲ್ಲ. ಫಾರ್ಮ್ ತುಂಬಿ ಯಾರೂ ಹೈಕೋರ್ಟ್ ಪೀಠ ತಂದಿಲ್ಲ.

ಆದರೂ ನಮ್ಮಲ್ಲಿ ಒಂದು ಕೊರತೆ ಇದೆ. ದೂರುಗಳಿಗೆ ಬರವಿಲ್ಲ. ಆದರೆ ಯಾವ ದೂರನ್ನು ಯಾರ ಬಾಗಿಲಿಗೆ, ಯಾವಾಗ ಒಯ್ಯಬೇಕು ಎಂದು ಕುಳಿತು ಯೋಚಿಸುವುದು ಕಡಿಮೆ.

ಹುಬ್ಬಳ್ಳಿಯ ನಳದ ನೀರನ್ನೇ ತಗೊಳ್ಳಿ. ಯಾವ ಓಣಿಗೆ ಹೋದರೂ 'ನೀರ ಬಂದು ಎಷ್ಟ ದಿನಾ ಆತ್ರೀ' ಅನ್ನುವ ಮಾತು. ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ: ಮಲಪ್ರಭೆಯಲ್ಲಿ ನೀರಿಲ್ಲ, ಮಹದಾಯಿ ಬರಲಿ. ಸರಿ, ಅದು ದೊಡ್ಡ ಪ್ರಶ್ನೆ, ಬಿಡುವಂಥದ್ದಲ್ಲ. 2018ರಲ್ಲಿ ಮಹದಾಯಿ ನೀರು ಹಂಚಿಕೆಯ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಿತು. ಅದರಲ್ಲಿ ಮಲಪ್ರಭೆ ಕಡೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ಅದಕ್ಕೆ ದೆಹಲಿಯ ಒಪ್ಪಿಗೆಗಳು ಬೇಕು. ಆದರೆ ಇದೇ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡ್‌ಗಳಿಗೆ ವಿಶ್ವಬ್ಯಾಂಕ್ ನೆರವಿನ ಪ್ರಾಯೋಗಿಕ ಯೋಜನೆಯಲ್ಲಿ 2008ರ ಸುಮಾರಿಗೇ ದಿನದ 24 ತಾಸೂ ನೀರು ಬರತೊಡಗಿತ್ತಲ್ಲ? ಮಹದಾಯಿಯ ಒಂದು ಹನಿಯೂ ಇಲ್ಲದೆ! ಅಲ್ಲಿ ಹಳೇ ಪೈಪ್ ಬಿಟ್ಟು ಹೊಸದು ಹಾಕಿದರು, ಮನೆಮನೆಗೆ ಮೀಟರ್ ಕೂರಿಸಿದರು, ಸೋರಿಕೆ ತಡೆದರು. ಅಂದರೆ ಪಕ್ಕದ ಓಣಿಗೆ ನೀರು ಬಾರದಿರುವುದಕ್ಕೆ ನದಿಯೊಂದೇ ಕಾರಣವಲ್ಲ. ಪೈಪು, ವಾಲ್ವು, ಟೆಂಡರು, ಬಿಲ್ಲು ಕೂಡ ಇವೆ. ಅವುಗಳನ್ನು ಕೇಳಲು ದೆಹಲಿಗೆ ಹೋಗಬೇಕಿಲ್ಲ. 82 ವಾರ್ಡ್‌ಗಳ ಪಾಲಿಕೆ ನಮ್ಮೂರಲ್ಲೇ ಇದೆ. ನಾವು ದೂರದ ಪ್ರಶ್ನೆಗೆ ಬಂದ್ ಮಾಡುತ್ತೇವೆ, ಹತ್ತಿರದ್ದನ್ನು ವಾಲ್ವ್‌ಮನ್ ಮೇಲೆ ರೇಗಿ ಮುಗಿಸುತ್ತೇವೆ. ರಾಜಕಾರಣಿಗಳಿಗೆ ಇದು ಬಹಳ ಅನುಕೂಲ ಬಿಡಿ.

ಹಾಗಂತ ದೂರಿನೊಳಗಿನ ಸರಿಯಾದ ಪ್ರಶ್ನೆಯನ್ನು ಹೆಕ್ಕುವುದನ್ನು ಪುಣೆಯಿಂದ ಕಲಿಯಬೇಕಿಲ್ಲ. ಹಾನಗಲ್ ತಾಲ್ಲೂಕಿನ ಕುಸನೂರು ಸಾಕು. 1984ರಲ್ಲಿ ಸರ್ಕಾರ ಮತ್ತು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಸೇರಿ ಒಂದು ಕಂಪನಿ ಕಟ್ಟಿದವು. ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡುವುದೆಂದಾಯಿತು. ದನ ಮೇಯಿಸಲು ಜಾಗವಿಲ್ಲ, ಉರುವಲು ಇಲ್ಲ ಎಂಬುದು ಹಳ್ಳಿಯವರ ದೂರು. ಅಷ್ಟಕ್ಕೇ ನಿಂತಿದ್ದರೆ ಬೇರೆ ಕಡೆ ಒಂದಿಷ್ಟು ಗೋಮಾಳ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು. ಎಸ್.ಆರ್. ಹಿರೇಮಠರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಹಳ್ಳಿಯವರ ಜೊತೆ ನಿಂತು ಬೇರೆಯದನ್ನೇ ಕೇಳಿತು. ಊರಿನ ಭೂಮಿಯನ್ನು ಊರವರನ್ನು ಕೇಳದೆ ಕಂಪನಿಗೆ ಕೊಡಬಹುದೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು, ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೂರು ನೀಲಗಿರಿ ಸಸಿ ಕಿತ್ತರು, ಹಣ್ಣು-ಮೇವು ಕೊಡುವ ನೂರು ಸಸಿ ನೆಟ್ಟರು. ಏನು ಬೇಡ ಅನ್ನುವುದರ ಜೊತೆಗೇ ಏನು ಬೇಕು ಅನ್ನುವುದನ್ನೂ ತೋರಿಸಿದರು. ಕೊನೆಗೆ ಕಂಪನಿಯನ್ನೇ ಮುಚ್ಚಬೇಕಾಯಿತು.

ಗದಗದವರೂ ಕಡಿಮೆಯಿಲ್ಲ. 2011ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಪೋಸ್ಕೋ ಉಕ್ಕಿನ ಕಾರ್ಖಾನೆ ಬೇಡವೆಂದರು, ಸರ್ಕಾರ ಹಿಂದೆ ಸರಿಯಿತು. ಗಣಿಗಾರಿಕೆಯ ಕಣ್ಣು ಬಿದ್ದಿದ್ದ ಕಪ್ಪತಗುಡ್ಡ ಬೆಟ್ಟಸಾಲಿನ ವಿಷಯದಲ್ಲಿ ಬರೀ ಬೇಡ ಅನ್ನುವುದು ಸಾಕಾಗಲಿಲ್ಲ, ಕಾನೂನಿನ ರಕ್ಷಣೆಯನ್ನೇ ಕೇಳಿದರು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷವೇ ಅದನ್ನು ಹಿಂಪಡೆಯಿತು. ಮತ್ತೆ ಗದ್ದಲವಾಗಿ 2017ರಲ್ಲಿ ಘೋಷಣೆ ವಾಪಸ್ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು.

ಪುಣೆಯ ಫಾರ್ಮ್ ಇಂಥ ಪ್ರಶ್ನೆಯನ್ನು ಎಂದೂ ಕೇಳಲಾರದು. ಅಲ್ಲಿ ಅಜೆಂಡಾ ಪಾಲಿಕೆಯದ್ದು, ಖಾಲಿ ಜಾಗ ತುಂಬುವುದಷ್ಟೇ ನಮ್ಮದು. ಆದರೆ ಒಂದು ವಿಷಯದಲ್ಲಿ ಕಾಕಾಗಳು ಜಾಣರು. ಬಜೆಟ್ ಬರೆಯುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಅವರು ಹೋಗುತ್ತಾರೆ. ನಾವು ಬಜೆಟ್ ಓದಿದ ಮೇಲೆ ಬೈಯುತ್ತೇವೆ. ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸಿಗೇ ಪಥ ಮೀಸಲಿಟ್ಟ ಬಿಆರ್‌ಟಿಎಸ್ ಕಥೆಯೂ ಅದೇ ಅಲ್ವಾ? ರಸ್ತೆ ನಡುವೆ ಬ್ಯಾರಿಕೇಡ್ ಎದ್ದ ಮೇಲೆ ನಮ್ಮ ಚರ್ಚೆ ಜೋರಾಯಿತು.

ಧಾರವಾಡದ ಗೆಳೆಯನಿಗೆ ಇದನ್ನು ಹೇಳಿದರೆ, 'ಇಲ್ಲಿ ಫಾರ್ಮ್ ಕೊಟ್ರ ಅದರಾಗ ಮಿರ್ಚಿ ಭಜಿ ಕಟ್ತಾರ ತಗೋ' ಅಂದ. ಇರಬಹುದು. ಫಾರ್ಮ್ ಬೇಡವೇ ಬೇಡ. ಒಂದು ವಾರ್ಡಿನ ಹೆಣ್ಣುಮಕ್ಕಳು ದೀಪಾವಳಿಯಿಂದ ಸಂಕ್ರಾಂತಿವರೆಗೆ, ಹಾಲಿನ ಲೆಕ್ಕ ಹಾಕಿದ ಹಾಗೆ, ನೀರು ಬಂದ ದಿನ ಮತ್ತು ಹೊತ್ತನ್ನು ಕ್ಯಾಲೆಂಡರ್ ಮೇಲೆ ಗುರುತು ಮಾಡಲಿ. ಬಜೆಟ್ ಪೂರ್ವಭಾವಿ ಸಭೆಗೆ ಆ ಕ್ಯಾಲೆಂಡರ್‌ಗಳನ್ನೇ ಒಯ್ಯಲಿ. ಅಲ್ಲಿ ಮಹದಾಯಿಯ ಮಾತು ತೆಗೆಯುವುದು ಬೇಡ. ನಮ್ಮ ಓಣಿಯ ಪೈಪ್ ಬದಲಿಸಲು ಈ ವರ್ಷ ಎಷ್ಟು ಹಣ ಇಡುತ್ತೀರಿ, ಕೆಲಸ ಯಾವ ತಿಂಗಳು ಶುರು, ಅಷ್ಟನ್ನೇ ಕೇಳಲಿ.