ಫ್ರಿಡ್ಜಿನಲ್ಲಿ ಚಳಿಗಾಲ

ಹೂವಿನ ವಿಷಯದಲ್ಲಿ ನಮ್ಮ ಯಜಮಾನರಿಗೆ ಗೊತ್ತಿದ್ದದ್ದು ಇಷ್ಟೇ: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದೂ ಲೆಕ್ಕ ಆದ್ದರಿಂದ ಗೊತ್ತು. ಬ್ಯಾಂಕಿನಲ್ಲಿದ್ದವರು ಅಲ್ವಾ. ರಥಬೀದಿಯಿಂದ ಶಂಕರಪುರ ಮಲ್ಲಿಗೆ ತನ್ನಿ ಎಂದರೆ ಕಾಕಡ ಹಿಡಿದುಕೊಂಡು ಬರುತ್ತಾರೆ. ಇದಕ್ಕೆ ಪರಿಮಳವೇ ಇಲ್ಲವಲ್ಲ ಎಂದರೆ, "ಬಿಳಿ ಉಂಟಲ್ಲ?" ಎನ್ನುತ್ತಾರೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಎರಡು ಸಾವಿರ ದಾಟಿದಾಗ ಮಾತ್ರ ಮಲ್ಲಿಗೆ ಯಾವುದೆಂದು ಅವರಿಗೆ ದೂರದಿಂದಲೇ ಗುರುತು ಸಿಗುತ್ತದೆ. ಆ ಬದಿಗೆ ಹೋಗುವುದೇ ಇಲ್ಲ.

ಅಂಥವರು ಈಗ ಸ್ನೋಡ್ರಾಪ್ ತಜ್ಞರು.

ಮಾಡಿದ್ದು ನನ್ನ ಮಗ. ಅವನಿಗೆ ಇಂಗ್ಲೆಂಡಿನಲ್ಲಿ ಕೆಲಸ. ಒಂದು ಫೆಬ್ರವರಿಯಲ್ಲಿ ಗ್ಲಾಸ್ಟರ್‌ಶೈರಿನ ಕೋಲ್ಸ್‌ಬೋರ್ನ್ ಪಾರ್ಕ್ ಎಂಬ ತೋಟಕ್ಕೆ ಹೋಗಿ ಸ್ನೋಡ್ರಾಪ್ ಹೂವಿನ ಫೋಟೋ ಕಳಿಸಿದ. ಗೇಣುದ್ದದ ಗಿಡ. ಚಳಿ ಮುಗಿಯುವ ಮೊದಲೇ ನೆಲದಿಂದ ಏಳುತ್ತದೆ. ಒಂದು ದಂಟಿಗೆ ಒಂದೇ ಬಿಳಿ ಹೂ, ಅದೂ ತಲೆ ತಗ್ಗಿಸಿಕೊಂಡು. ಆ ತೋಟದ ಹಿಂದಿನ ಯಜಮಾನ ಹೆನ್ರಿ ಎಲ್ವೆಸ್ 1874ರಲ್ಲಿ ಟರ್ಕಿಗೆ ಹೋದಾಗ ದೊಡ್ಡ ಹೂವಿನ ಒಂದು ಜಾತಿ ಅವನ ಕಣ್ಣಿಗೆ ಬಿತ್ತಂತೆ. ಅದಕ್ಕೆ ಅವನದೇ ಹೆಸರು, ಎಲ್ವೆಸಿಯೈ.

ನಾವು ಈ ಫೋಟೋ ನೋಡುವಾಗ ಉಡುಪಿಯಲ್ಲಿ ಫ್ಯಾನು ಐದರಲ್ಲಿ ತಿರುಗುತ್ತಿತ್ತು. "ಚಂದ ಉಂಟು" ಎಂದು ನಾನು ಬಿಟ್ಟೆ. ಇವರು ಬಿಡಲಿಲ್ಲ. ಎಲ್ಲಾ ಹೂವೂ ಒಂದೇ ಥರ ಬಿಳಿ, ಹೆಸರು ಮಾತ್ರ ಬೇರೆ ಬೇರೆ. ಅದು ಹೇಗೆ? ಚೆಕ್ಕಿನ ಸಹಿ ತಾಳೆ ನೋಡಿಯೇ ನಿವೃತ್ತಿಯಾದ ಕಣ್ಣು ಅದು. ಜೂಮ್ ಮಾಡಲು ಶುರು ಮಾಡಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಹೊರಗೆ ಮೂರು ದೊಡ್ಡ ಎಸಳು, ಒಳಗೆ ಮೂರು ಚಿಕ್ಕದು. ಒಳಗಿನ ಎಸಳಿನ ಮೇಲೆ ಹಸಿರು ಗುರುತು. ಹೂ ನೋಡಿ ತಳಿ ಹೇಳಬೇಕಾದರೆ ಮುಖ್ಯ ಸಾಕ್ಷಿ ಆ ಗುರುತೇ. ಒಂದರಲ್ಲಿ ತಲೆಕೆಳಗಾದ ವಿ, ಒಂದರಲ್ಲಿ ಎಕ್ಸ್, ಇನ್ನೊಂದರಲ್ಲಿ ಹೃದಯ. ಹೀಗೆ ಹೆಸರಿಟ್ಟ ತಳಿಗಳು ಎರಡು ಸಾವಿರಕ್ಕೂ ಜಾಸ್ತಿ. ಹೂ ತಲೆ ತಗ್ಗಿಸಿರುವುದರಿಂದ ಒಳಗಿನದ್ದು ಮೇಲಿಂದ ಕಾಣುವುದಿಲ್ಲ. ಅಲ್ಲಿನ ಹುಚ್ಚರು ಕೆಸರಿನಲ್ಲಿ ಮಂಡಿಯೂರಿ, ಬೆರಳಲ್ಲಿ ಹೂವಿನ ಗಲ್ಲ ಎತ್ತಿ ನೋಡುತ್ತಾರಂತೆ. 'ಗ್ರಂಪಿ' ಅಂತ ಒಂದು ಉಂಟು. ಎರಡು ಹಸಿರು ಚುಕ್ಕೆ ಕಣ್ಣು, ಕೆಳಗೆ ಇಳಿಬಿದ್ದ ಬಾಯಿ, ಸಿಡಿಮಿಡಿ ಮುಖ. ಆ ಫೋಟೋವನ್ನು ಇವರು ಮೊಬೈಲಿನಲ್ಲಿ ನನ್ನ ನಂಬರಿಗೆ ಹಾಕಿಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು.

ಹೂ ಇಲ್ಲದಿದ್ದರೆ ಎಲೆ ನೋಡಬೇಕು. ನಿವಾಲಿಸ್ ಎಂಬ ಮಾಮೂಲಿ ಜಾತಿಗೆ ಸಪೂರ ಬೂದು ಹಸಿರು ಎಲೆ. ವೊರೊನೋವಿಯೈಗೆ ಮಿರಿಮಿರಿ ಹಸಿರು. ಪ್ಲಿಕೇಟಸ್ ಎಲೆಯ ಅಂಚು ಹಿಂದಕ್ಕೆ ಮಡಚಿರುತ್ತದೆ. ಎಲ್ವೆಸಿಯೈಯದ್ದು ಪತ್ರೊಡೆಯ ಹಾಗೆ, ಒಂದು ಎಲೆ ಇನ್ನೊಂದನ್ನು ಸುತ್ತಿಕೊಂಡೇ ಮೇಲೆ ಬರುತ್ತದೆ. ಇದನ್ನೆಲ್ಲ ಇವರು ಊಟದ ಎಲೆಯ ಮುಂದೆ ಕೂತು ವಿವರಿಸುತ್ತಾರೆ. ಬಸಳೆಗೂ ಹರಿವೆಗೂ ವ್ಯತ್ಯಾಸ ಕೇಳಿದರೆ ಈಗಲೂ ತಡವರಿಸುತ್ತಾರೆ ಎನ್ನುವುದು ಬೇರೆ ವಿಷಯ.

ನನಗೆ ಇಷ್ಟವಾದವಳು 'ಲೇಡಿ ಎಲ್ಫಿನ್‌ಸ್ಟನ್' ಒಬ್ಬಳೇ. ಇವಳಿಗೆ ಹಳದಿ ಗುರುತು, ಹೂವಿಗೆ ಸುತ್ತು ಜಾಸ್ತಿ. ಆದರೆ ಕಿತ್ತು ಬೇರೆ ಜಾಗದಲ್ಲಿ ನೆಟ್ಟರೆ ಒಮ್ಮೊಮ್ಮೆ ಮುನಿಸಿಕೊಂಡು ಹಳದಿ ಬಿಟ್ಟು ಹಸಿರೇ ಬಿಡುತ್ತಾಳೆ. ಮತ್ತೆ ಹಳದಿಗೆ ಬರಬೇಕಾದರೆ ವರ್ಷ ಹಿಡಿದರೂ ಹಿಡಿಯಿತು. ಇವರ ಟ್ರಾನ್ಸ್‌ಫರಿನ ಹಿಂದೆ ಪಾತ್ರೆ ಕಟ್ಟಿಕೊಂಡು ಊರೂರು ತಿರುಗಿದ ನನಗೆ ಅವಳ ಕಷ್ಟ ಯಾರೂ ವಿವರಿಸಬೇಕಾಗಿಲ್ಲ.

2022ರಲ್ಲಿ 'ಗೋಲ್ಡನ್ ಟಿಯರ್ಸ್' ಎಂಬ ತಳಿಯ ಒಂದೇ ಒಂದು ಗಡ್ಡೆ ಆನ್‌ಲೈನ್ ಹರಾಜಿನಲ್ಲಿ 1,850 ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷ ದಾಟುತ್ತದೆ. "ಅಪರೂಪದ್ದು, ಅಷ್ಟು ಆಗ್ತದೆ" ಎಂದರು ಇವರು. ಯಾರು? ಅಟ್ಟೆ ಮಲ್ಲಿಗೆಯ ರೇಟು ಕೇಳಿ ರಸ್ತೆಯ ಆಚೆ ಬದಿಗೆ ದಾಟಿದವರು.

ನೋಡಿ ಸಾಕಾಯಿತು, ಇನ್ನು ಬೆಳೆಸಬೇಕು ಎಂದಾಯಿತು. ಮಗ ಗಡ್ಡೆ ಕಳಿಸಲು ಒಪ್ಪಲಿಲ್ಲ. ಸ್ನೋಡ್ರಾಪ್ ಗಡ್ಡೆ ದೇಶ ದಾಟಬೇಕಾದರೆ ಕಾಡು ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕು, ಮೇಲಿಂದ ಸಸ್ಯ ತಪಾಸಣೆಯ ಕಾಗದ ಬೇರೆ. "ಅಪ್ಪ, ಅದಕ್ಕೆ ವಾರಗಟ್ಟಲೆ ಮಣ್ಣು ತಣ್ಣಗಿರಬೇಕು. ನಮ್ಮಲ್ಲಿ ಜನವರಿ ಬೆಳಗ್ಗೆ 20 ಡಿಗ್ರಿ ಆದರೆ ಸ್ವೆಟರ್ ಹಾಕ್ತಾರೆ. ಮಳೆಗಾಲದ ನೀರಿಗೆ ಗಡ್ಡೆ ಕೊಳೆತೇ ಹೋಗ್ತದೆ" ಎಂದ. ಇವರು ಶಾಂತವಾಗಿ ಕೇಳಿ ಫೋನ್ ಇಟ್ಟು, "ಫ್ರಿಡ್ಜ್ ಉಂಟಲ್ಲ" ಎಂದರು.

ಆನ್‌ಲೈನಿನಲ್ಲಿ ಯಾರೋ ಮಾರುವವರು ಸಿಕ್ಕಿದರು. ಜಾಹೀರಾತಿನಲ್ಲಿ ನೀಲಿ ಸ್ನೋಡ್ರಾಪ್, ಕೆಂಪು ಸ್ನೋಡ್ರಾಪ್. ಭೂಮಿಯ ಮೇಲೆ ಎಲ್ಲೂ ಇಲ್ಲದ ಬಣ್ಣಗಳು. ಅದು ಇವರಿಗೂ ಗೊತ್ತಿತ್ತು. "ಫೋಟೋ ಅಲ್ವಾ, ಸುಮ್ನೆ ಚಂದಕ್ಕೆ ಹಾಕಿರ್ತಾರೆ" ಎಂದು ದುಡ್ಡು ಕಟ್ಟಿದರು. ಒಂದು ಪೊಟ್ಟಣ ಬಂತು. ಒಳಗೆ ಕಂದು ಸಿಪ್ಪೆಯ ಪುಟ್ಟ ಗಡ್ಡೆಗಳು. ಅದು ಫ್ರಿಡ್ಜಿನ ತರಕಾರಿ ಟ್ರೇಗೆ, ಮಟ್ಟು ಗುಳ್ಳದ ಪಕ್ಕಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಆಚೆ ಮನೆಯವರೂ ಹೊರಗೆ ಬಂದರು. ನಮ್ಮದು ನೀರುಳ್ಳಿ ತಾರದ ಮನೆ. ಹೊರಗೆ ಹೋದಾಗ ನಾವು ಏನು ತಿನ್ನುತ್ತೇವೆ ಎನ್ನುವ ಪ್ರಶ್ನೆಯನ್ನು ಅತ್ತೆ ಕೇಳುವುದಿಲ್ಲ, ನಾವು ಹೇಳುವುದಿಲ್ಲ, ಮನೆಯ ನೆಮ್ಮದಿ ಅದರ ಮೇಲೆಯೇ ನಿಂತಿದೆ. ಈಗ ಅವರದೇ ಫ್ರಿಡ್ಜಿನಲ್ಲಿ, ಅವರದೇ ಮೊಸರಿನ ಕೆಳಗೆ, ಸಣ್ಣ ನೀರುಳ್ಳಿ! ಅವರು ನೋಡಿದ್ದು ಮಗನನ್ನಲ್ಲ, ನನ್ನನ್ನು.

"ಇದು ನೀರುಳ್ಳಿ ಅಲ್ಲಮ್ಮ" ಎಂದು ಇವರು ಓಡಿ ಬಂದರು. "ಇದು ವಿಷ."

ಸಮಾಧಾನ ಮಾಡುವ ಕ್ರಮವೇ ಇದು? ಆದರೆ ಹೇಳಿದ್ದು ಸತ್ಯವೇ. ಸ್ನೋಡ್ರಾಪ್ ಗಡ್ಡೆ ತಿಂದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ. ಅತ್ತೆಯ ಮುಖ ನೋಡಿ ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ಗಿಡದಲ್ಲಿರುವ ಗ್ಯಾಲಂಟಮೈನ್ ಎಂಬ ಅಂಶವನ್ನು ಆಲ್‌ಝೈಮರ್ಸ್ ರೋಗಿಗಳಿಗೆ ಮದ್ದಾಗಿ ಕೊಡುತ್ತಾರೆ, ವಯಸ್ಸಾದವರ ಮರೆವಿಗೆ ಒಳ್ಳೆಯದು ಎಂದರು.

"ನನಗೆ ಮರೆವು ಅಂತ ಹೇಳಿದ್ದು ಯಾರು ಮಾಣಿ?" ಎಂದರು ಅತ್ತೆ. ಮತ್ತೆ ನನ್ನನ್ನೇ ನೋಡಿದರು.

ಆ ದಿನ ಫ್ರಿಡ್ಜ್ ತೊಳೆಯಲಾಯಿತು. ಮೊಸರು ಕಪಾಟಿಗೆ ಹೋಗಿ ಹುಳಿ ಬಂತು. ಗಡ್ಡೆಗಳಿಗೆ ಸ್ಟೀಲ್ ಡಬ್ಬಿ ಸಿಕ್ಕಿತು.

ಡಿಸೆಂಬರಿನಲ್ಲಿ ಕುಂಡಕ್ಕೆ ನೆಟ್ಟರು. ದಿನಾ ಬೆಳಿಗ್ಗೆ ಮಣ್ಣಿನ ಮೇಲೆ ಐಸ್ ತುಂಡು. ನೆಂಟರಿಗೆ ಶರಬತ್ತು ಮಾಡಲು ಐಸ್ ಇಲ್ಲ, ಕುಂಡಕ್ಕೆ ಉಂಟು. ಸಪೂರ ಎಲೆ ಬಂತು. ಇವರು ಭೂತಗನ್ನಡಿ ಹಿಡಿದು, "ಸುತ್ತಿಕೊಂಡಿಲ್ಲ, ಮಡಚಿಲ್ಲ, ಹೊಳಪಿಲ್ಲ. ನಿವಾಲಿಸ್!" ಎಂದು ತೀರ್ಪು ಕೊಟ್ಟರು. ಐಸ್‌ಕ್ರೀಂ ಕಡ್ಡಿಯಲ್ಲಿ ಹೆಸರು ಬರೆದು ಚುಚ್ಚಿದರು. ಫೆಬ್ರವರಿ ಹೋಯಿತು. ಹೂವಿಲ್ಲ. ಮಾರ್ಚಿನಲ್ಲಿ ಐಸ್ ತುಂಡು ಕುಂಡ ಮುಟ್ಟುವ ಮೊದಲೇ ಅವರ ಕೈಯಲ್ಲೇ ನೀರಾಗುತ್ತಿತ್ತು.

ಏಪ್ರಿಲಿನಲ್ಲಿ ಗುಡುಗು ಸಮೇತ ಒಂದು ಜೋರು ಮಳೆ ಬಂತು. ಎರಡು ಮೂರು ದಿನ ಬಿಟ್ಟು ಕುಂಡದಲ್ಲಿ ಹೂ. ಗುಲಾಬಿ ಬಣ್ಣ. ಆರು ಎಸಳೂ ಒಂದೇ ಅಳತೆ. ತಲೆ ತಗ್ಗಿಸುವ ಮಾತೇ ಇಲ್ಲ, ಆಕಾಶ ನೋಡಿಕೊಂಡು ನಿಂತಿದೆ. ಇವರು ಮಾತ್ರ ಅಭ್ಯಾಸಬಲದಿಂದ ಅಂಗಳದಲ್ಲಿ ಚಾಪೆ ಹಾಕಿ ಮಲಗಿ, ಕೆಳಗಿನಿಂದ ಹಸಿರು ಗುರುತು ಹುಡುಕುತ್ತಿದ್ದರು.

ಆಚೆ ಮನೆಯವರು ಕಂಪೌಂಡಿನಿಂದ ಇಣುಕಿ, "ಎಂತ ಮಾರಾಯ್ರೆ, ಬಿದ್ರಾ?" ಎಂದು ಕೇಳಿದರು. ಆಮೇಲೆ ಕುಂಡ ನೋಡಿ, "ಓ, ರೈನ್ ಲಿಲ್ಲಿ. ನಮ್ಮ ಬಾವಿಕಟ್ಟೆ ಹತ್ರ ರಾಶಿ ಉಂಟು. ಬೇಕಾದರೆ ಕಿತ್ಕೊಂಡು ಹೋಗಿ" ಎಂದರು.

ಇವರು ಎದ್ದು ಲುಂಗಿ ಕೊಡವಿಕೊಂಡು, ಎರಡೂ ಅಮರಿಲ್ಲಿಡೇಸಿಯೇ, ಕುಟುಂಬ ಒಂದೇ ಎಂದು ಅವರಿಗೆ ತಿಳಿಸಿ ಒಳಗೆ ಬಂದರು. ಮಾರಿದವನಿಗೆ ಖಾರವಾಗಿ ದೂರು ಬರೆದರು. ತಕ್ಷಣ ಉತ್ತರ ಬಂತು. ಸರ್, ಒರಿಜಿನಲ್ ಸ್ನೋಡ್ರಾಪೇ ಕಳಿಸಿದ್ದು, ನಿಮ್ಮ ಊರಿನ ಸೆಕೆಗೆ ಕೆಂಪಾಗಿದೆ, ದಯವಿಟ್ಟು ಐದು ಸ್ಟಾರ್ ಕೊಡಿ.

ಇವರು ತುಂಬಾ ಹೊತ್ತು ಯೋಚಿಸಿ ಮೂರು ಕೊಟ್ಟರು. ಮೂರಾದರೂ ಯಾಕೆ ಎಂದು ಕೇಳಿದೆ.

"ಎಲ್ಲಾ ಗಡ್ಡೆಯೂ ಹುಟ್ಟಿದೆಯಲ್ಲ" ಎಂದರು.